ಮೂವತ್ತೆರಡು ಕೆಬಿಪಿಎಸ್‌ನಲ್ಲಿ ಅರ್ಥಶಾಸ್ತ್ರ

ಆಗಲ್ಲ ಅಂದವರು ಇಬ್ಬರು. ಒಬ್ಬರು ನಮ್ಮತ್ತೆ. ಇನ್ನೊಬ್ಬರು ಮುಳಬಾಗಿಲಿನಲ್ಲಿ ಮ್ಯೂಸಿಕ್ ಸೆಂಟರ್ ಇಟ್ಟುಕೊಂಡಿರುವ ಬಾಷಾ ಭಾಯ್.

ಅತ್ತೆ ಹೇಳಿದ್ದು ನನ್ನ ಬಿ.ಎ. ಬಗ್ಗೆ. "ಹುಳ ಸಾಕೋ ಮನೇಲಿ ಓದು ಗೀದು ಆಗೋ ಮಾತಲ್ಲಮ್ಮ." ಭಾಯ್ ಹೇಳಿದ್ದು ಹದಿನಾಲ್ಕು ಸಿಡಿಗಳ ಬಗ್ಗೆ. "ಇಷ್ಟೂ ಇದರಲ್ಲಿ ಹಿಡಿಯಲ್ಲ ಬೆಹನ್."

ಈ ವಾರ ಇಬ್ಬರಿಗೂ ಥ್ಯಾಂಕ್ಸ್ ಹೇಳಬೇಕಾಗಿದೆ. ಯಾಕೆ ಅಂತ ಕೇಳಿ.

ನಮ್ಮದು ಬೈರಕೂರಿನ ಹತ್ತಿರ ರೇಷ್ಮೆ ಹುಳು ಸಾಕುವ ಮನೆ ಅಂತ ಈ ಅಂಕಣ ಓದುವವರಿಗೆ ಗೊತ್ತು. ಅಪ್ಪನ ಕಡೆ, ಗಂಡನ ಕಡೆ, ಎಲ್ಲಿ ಹುಡುಕಿದರೂ ಡಿಗ್ರಿ ಓದಿದವರು ಒಬ್ಬರೂ ಇಲ್ಲ. ಪಿಯುಸಿ ಮುಗಿಸಿ ಮದುವೆಯಾಗಿ ಬಂದ ನಾನು ಅಂಚೆ ತೆರಪಿನ ಬಿ.ಎ. ಕಟ್ಟಿದೆ. ಕುಂಟುತ್ತಾ ಎಲ್ಲ ಪೇಪರ್ ಪಾಸಾದೆ, ಅರ್ಥಶಾಸ್ತ್ರ ಒಂದನ್ನು ಬಿಟ್ಟು. ಅದರಲ್ಲಿ ಎರಡು ಸಲ ಫೇಲ್. ಹೋದ ವರ್ಷದ್ದು ಕೊನೆಯ ಅವಕಾಶ. ಆಗಲೂ ಫೇಲಾಗಿದ್ದರೆ ಗಡುವು ಮುಗಿದು, ಇಷ್ಟು ವರ್ಷ ಓದಿದ್ದೆಲ್ಲ ಹೋಗುತ್ತಿತ್ತು.

ಓದಲು ಕಷ್ಟವೇನು ಅಂತೀರಾ? ಕೈ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ತಟ್ಟೆ ತೆಗೆದು ಕಸ ಬಳಿಯುವುದು. ಪುಸ್ತಕ ಹಿಡಿಯುವ ಕೈಗೆ ಬಿಡುವೇ ಇಲ್ಲ. ಆದರೆ ಕಿವಿ? ಕಿವಿ ದಿನವಿಡೀ ಖಾಲಿ.

ಕೋಲಾರದ ಒಬ್ಬ ಮೇಷ್ಟ್ರಿಗೆ ಇದು ಅರ್ಥವಾಗಿತ್ತು. ಭಾನುವಾರದ ಕ್ಲಾಸಿಗೆ ಬರಲಾಗದವರಿಗೆ ಅಂತ ತಮ್ಮ ಪಾಠಗಳನ್ನು ಕ್ಲಾಸಿನಲ್ಲೇ ರೆಕಾರ್ಡ್ ಮಾಡಿಸಿ ಸಿಡಿಗೆ ಹಾಕಿಸಿದ್ದರು. ಹದಿನಾಲ್ಕು ಸಿಡಿ. ಒಂದೊಂದೂ ಒಂದು ಗಂಟೆ. ಸಿಡಿ ಪ್ಲೇಯರ್ ಸೊಂಟಕ್ಕೆ ಕಟ್ಟಿಕೊಂಡು ನೋಡಿದೆ. ಸೊಪ್ಪು ಎತ್ತಲು ಬಗ್ಗಿದರೆ ಪಾಠ ಹಾರುತ್ತಿತ್ತು. ಸ್ಪೀಕರ್ ಇಡೋಣವೆಂದರೆ ಹುಳು ಮನೆಯಲ್ಲಿ ಸದ್ದು ಕೂಡದು ಅನ್ನುವುದು ಅತ್ತೆಯ ಕಾನೂನು. (ಹುಳುವಿಗೆ ಕಿವಿ ಇದೆಯಾ ಅಂತ ಕೇಳುವ ಧೈರ್ಯ ನನಗಿಲ್ಲ.)

ಕಡೆಗೆ ನನ್ನ ತಮ್ಮ ಹೆಬ್ಬೆರಳಿನ ಗಾತ್ರದ ಒಂದು ಎಂಪಿ3 ಪ್ಲೇಯರ್ ಕೊಟ್ಟ. 256 ಎಂಬಿ. ರವಿಕೆಗೆ ಸಿಕ್ಕಿಸಿಕೊಂಡು ಎಷ್ಟು ಬೇಕಾದರೂ ಬಗ್ಗಬಹುದು.

ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ ಮಲಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ಅದು ಹುಳುವಿಗೆ ಜ್ವರ, ನಮಗೆ ರಜ. ಎದ್ದ ಮೇಲೆ ಒಂದು ವಾರ ಅವುಗಳ ಹಸಿವಿಗೆ ಎಷ್ಟು ಸೊಪ್ಪು ತಂದರೂ ಸಾಲದು. ಪರೀಕ್ಷೆ ಇದ್ದದ್ದು ಆ ವಾರದ ತುದಿಗೆ ಸರಿಯಾಗಿ. ಮುಳಬಾಗಿಲಿಗೆ ಹೋಗಲು ನನಗಿದ್ದದ್ದು ಜ್ವರದ ಆ ಒಂದು ದಿನ. ಹದಿನಾಲ್ಕೂ ಸಿಡಿ ಅವತ್ತೇ ಪ್ಲೇಯರ್ ಸೇರಬೇಕು.

ಭಾಯ್ ಸಾಮಾನ್ಯರಲ್ಲ. ಕ್ಯಾಸೆಟ್ ಕಾಲದಿಂದ ತಾಲ್ಲೂಕಿನಲ್ಲೇ ಒಳ್ಳೆಯ ರೆಕಾರ್ಡಿಂಗ್ ಅಂದರೆ ಅವರದು. ಲೆಕ್ಕ ಹೇಳಿದರು. ಸಿಡಿಯಲ್ಲಿ ಇದ್ದ ಹಾಗೇ ತೆಗೆದರೆ ಅರ್ಧ ಸಿಡಿಯೂ ಹಿಡಿಯಲ್ಲ. ಎಂಪಿ3 ಮಾಡಿ 128 ಕೆಬಿಪಿಎಸ್ ಇಟ್ಟರೆ ನಾಲ್ಕು ಸಿಡಿ, ಕಷ್ಟಪಟ್ಟರೆ ನಾಲ್ಕೂವರೆ. ಈ ಕೆಬಿಪಿಎಸ್ ನಂಬರ್ ಇಳಿದಷ್ಟೂ ಫೈಲ್ ಚಿಕ್ಕದಾಗುತ್ತದೆ, ಸೌಂಡ್ ಕೆಡುತ್ತದೆ.

"ಅದಕ್ಕಿಂತ ಕಮ್ಮಿ ಆಗಲ್ವಾ ಭಾಯ್?"

"ಆಗುತ್ತೆ. ನಾನ್ ಮಾಡಲ್ಲ. ಅಂಥ ಸೌಂಡ್ ನನ್ನ ಅಂಗಡಿಯಿಂದ ಆಚೆ ಹೋದ್ರೆ ಮರ್ಯಾದೆ ಏನಾಗ್ಬೇಕು?"

"ಹಾಡಲ್ಲ ಭಾಯ್, ಪಾಠ. ಒಂದ್ಸಲ ಕೇಳಿಸಿ, ನೋಡ್ತೀನಿ."

ಮನಸ್ಸಿಲ್ಲದ ಮನಸ್ಸಿನಿಂದ ಒಂದೇ ಪಾಠವನ್ನು ಎರಡು ಥರ ಮಾಡಿ ಹೆಡ್‌ಫೋನ್ ಕೊಟ್ಟರು. 128ರಲ್ಲಿ ಮೇಷ್ಟ್ರ ದನಿ, ತಲೆ ಮೇಲಿನ ಫ್ಯಾನ್, ಬೋರ್ಡಿನ ಮೇಲೆ ಸೀಮೆಸುಣ್ಣ, ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದ್ದು ಎಲ್ಲ ಇತ್ತು. ಇನ್ನೊಂದು 32, ಅದೂ ಮೋನೊ. ಮೇಷ್ಟ್ರು ಎಸ್‌ಟಿಡಿ ಬೂತಿನಿಂದ ಮಾತಾಡಿದ ಹಾಗಿತ್ತು.

"ನೋಡಿದ್ರಾ? ಜೀವಾನೇ ಇಲ್ಲ," ಅಂದರು ಭಾಯ್.

ಮದುವೆಯಾದ ಮೇಲೆ ಎಷ್ಟೋ ವರ್ಷ ನನ್ನ ಅಮ್ಮನ ದನಿ ನಾನು ಕೇಳಿದ್ದೇ ಎಸ್‌ಟಿಡಿ ಬೂತಿನಲ್ಲಿ. ಅಮ್ಮ ಹೇಳಿದ್ದು ಒಂದು ದಿನವಾದರೂ ಅರ್ಥವಾಗದೆ ಇತ್ತಾ? "ಇದೇ ಸಾಕು ಭಾಯ್," ಅಂದೆ. ಹದಿನಾಲ್ಕೂ ಹಿಡಿದು ಇನ್ನೂ ಜಾಗ ಉಳಿಯುತ್ತದೆ ಅಂತ ಲೆಕ್ಕ ಬಂತು.

ಯಾವ ಫಾರ್ಮ್ಯಾಟ್ ಒಳ್ಳೆಯದು ಅಂತ ಈಗ ಯಾರಾದರೂ ವಾದ ಮಾಡುವಾಗ ನಾನು ಸುಮ್ಮನಿರುತ್ತೇನೆ. ಹಾಡಿಗೆ ದೊಡ್ಡ ಫೈಲೇ ಇರಲಿ, ಹಾಡುವವರ ಉಸಿರೂ ಕೇಳಲಿ. ಆದರೆ ನಮ್ಮಂಥವರಿಗೆ ಎಲ್ಲವೂ ಪೂರ್ತಿ ರುಚಿಯಲ್ಲೇ ಸಿಗಬೇಕು ಅಂತ ಕಾದು ಕೂತರೆ ಹೇಗೆ? ನಾಲ್ಕು ಸಿಡಿ ಚೆನ್ನಾಗಿ ಕೇಳಿ, ಉಳಿದ ಹತ್ತರ ಪ್ರಶ್ನೆಗಳನ್ನು ಖಾಲಿ ಬಿಟ್ಟು ಬರುತ್ತಿದ್ದೆ. ನನ್ನ ಇಡೀ ಓದು 32ರದ್ದೇ. ಸೀಮೆಸುಣ್ಣದ ಸದ್ದು ನನ್ನ ಪಾಲಿಗೆ ಬರಲಿಲ್ಲ. ವಿಷಯ ಬಂತು.

ಅಷ್ಟು ಸುಲಭವಾಗಿ ಬರಲಿಲ್ಲ ಬಿಡಿ.

ಮರುದಿನ ಹುಳು ಎದ್ದವು. ಸೊಪ್ಪು ಹಾಕುತ್ತಾ ಪ್ಲೇಯರ್ ಒತ್ತಿದೆ. ಮೊದಲ ಪಾಠ ಬರಬೇಕಾದ ಕಡೆ ಮೇಷ್ಟ್ರು ಪಂಚವಾರ್ಷಿಕ ಯೋಜನೆ ಮುಗಿಸುತ್ತಿದ್ದರು! ಮುಂದೆ ಒತ್ತಿದೆ, ಹಿಂದೆ ಒತ್ತಿದೆ. ಇದ್ದದ್ದು ಹದಿನಾಲ್ಕನೇ ಸಿಡಿ ಒಂದೇ.

ಆದದ್ದು ಇಷ್ಟು. ಒಂದೊಂದು ಸಿಡಿಯಲ್ಲೂ ನಾಲ್ಕು ಪಾಠ. ಕಂಪ್ಯೂಟರ್ ಪ್ರತಿ ಸಿಡಿಗೂ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಅದೇ ನಾಲ್ಕು ಹೆಸರಿಟ್ಟಿದೆ. ಎಲ್ಲ ಒಂದೇ ಫೋಲ್ಡರಿಗೆ ಹೋಗಿವೆ. ಹಳೆಯದನ್ನು ಅಳಿಸಿ ಹೊಸದು ಹಾಕಲಾ ಅಂತ ಅದು ಕೇಳಿದಾಗಲೆಲ್ಲ ಭಾಯ್ 'ಎಸ್' ಒತ್ತಿದ್ದಾರೆ. ನಾನೂ ಪಕ್ಕದಲ್ಲೇ ಕೂತಿದ್ದೆ. ಬಸ್ಸಿನ ಟೈಮ್ ನೋಡುತ್ತಿದ್ದೆ.

ಯಜಮಾನರು ಟೊಮ್ಯಾಟೊ ಲೋಡಿನ ಜೊತೆ ಚೆನ್ನೈಗೆ ಹೋಗಿದ್ದರು. ನಾನು ಹುಳು ಬಿಟ್ಟು ಕದಲುವ ಹಾಗಿಲ್ಲ. ಮಂಡಿ ನೋವಿನ ಅತ್ತೆ ಸೊಪ್ಪಿನ ಹೊರೆ ಎತ್ತಲಾರರು. ಸೊಪ್ಪು ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ.

"ಏನಮ್ಮ, ಹುಳ ಬಾಯ್ ಬಿಟ್ಕೊಂಡು ಕೂತವೆ. ಏನಾಯ್ತು?" ಅಂದರು ಅತ್ತೆ.

ಹೇಳಿದೆ. ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಭಾಯ್‌ಗೆ ತೆಲುಗಿನಲ್ಲಿ ಎರಡು ನಿಮಿಷ ಬೈಗುಳ ಆಯಿತು. ಆಮೇಲೆ ಕೈ ಚಾಚಿದರು. "ಕೊಡು ಇಲ್ಲಿ. ಸಿಡಿ ಎಲ್ಲಾ ಚೀಲಕ್ಕಾಕು."

"ನೀವೇ ಆಗಲ್ಲ ಅಂತಿದ್ರಲ್ಲ ಅತ್ತೆ?"

"ಅಂದೆ. ನಿನ್ ಕೈಲಾಗ್ದೆ ಫೇಲಾದ್ರೆ ಅದು ಬೇರೆ. ಅವ್ನ್ ತಪ್ಪಿಗೆ ನೀನ್ಯಾಕೆ ಫೇಲಾಗ್ಬೇಕು?"

ಹನ್ನೊಂದರ ಬಸ್ಸಿಗೆ ಭಾಯ್ ಅಂಗಡಿಗೆ ಹೋದವರು ಬಂದದ್ದು ಸಂಜೆ. ಅಲ್ಲಿ ನಡೆದದ್ದನ್ನು ಆಮೇಲೆ ಭಾಯ್ ಹೇಳಿದರು. ಅತ್ತೆ ಸ್ಟೂಲು ಎಳೆದುಕೊಂಡು ಕಂಪ್ಯೂಟರ್ ಪಕ್ಕ ಕೂತರಂತೆ. ಓದಲು ಬರುವುದಿಲ್ಲ, ಹಾಗಾಗಿ ಕಣ್ಣನ್ನು ನಂಬುವ ಹಾಗಿಲ್ಲ. ಒಂದೊಂದು ಸಿಡಿ ಆದಾಗಲೂ ಪ್ಲೇಯರನ್ನು ತಾವೇ ಕಿವಿಗೆ ಹಾಕಿಕೊಂಡು, ನಾಲ್ಕೂ ಪಾಠದಲ್ಲಿ ಅಷ್ಟಷ್ಟು ಕೇಳಿ, ಹಿಂದಿನದೂ ಇದೆಯಾ ಅಂತ ಇನ್ನೊಮ್ಮೆ ಕೇಳಿ, ಆಮೇಲೇ ಆ ಸಿಡಿಯನ್ನು ಚೀಲಕ್ಕೆ ಹಾಕುತ್ತಿದ್ದರಂತೆ. "ನಿಮ್ಮತ್ತೆ ಮುಂದೆ ಟೀ ಕುಡಿಯೋಕೂ ಏಳಲಿಲ್ಲ ನಾನು," ಅಂದರು ಭಾಯ್. ಪ್ರತಿ ಸಿಡಿಗೂ ಬೇರೆ ಫೋಲ್ಡರ್, ಬೇರೆ ನಂಬರ್. ತಮ್ಮ ತಪ್ಪಿಗೆ ತಾವೇ ಬೇಜಾರು ಮಾಡಿಕೊಂಡು ಹೊಸ ಇಯರ್‌ಫೋನ್ ಕೂಡ ಕಳಿಸಿದ್ದರು.

ಅತ್ತೆ ಬಂದವರೇ ಅಂದರು: "ಬೆಲೆ ಏರಿದ್ರೆ ಕೊಳ್ಳೋರು ಕಮ್ಮಿ ಆಗ್ತಾರೆ ಅಂತಾನೆ ನಿಮ್ ಮೇಷ್ಟ್ರು. ಇದ್ಕೆ ಅಷ್ಟ್ ದಪ್ಪ ಪುಸ್ತಕ ಯಾಕೆ? ಗೂಡಿನ ಮಾರ್ಕೆಟ್‌ಗೆ ಬಂದು ನಿಂತ್ರೆ ಸಾಲ್ದಾ?"

ಪರೀಕ್ಷೆಯಲ್ಲಿ ನಾನು ಉದಾಹರಣೆಗೆ ರೇಷ್ಮೆ ಗೂಡಿನ ಮಾರ್ಕೆಟ್ಟನ್ನೇ ಬರೆದೆ. ಫಸ್ಟ್ ಕ್ಲಾಸ್ ಏನಲ್ಲ. ಪಾಸು.

ಹೋದ ಮಂಗಳವಾರ ಸರ್ಟಿಫಿಕೇಟ್ ತರಲು ಕೋಲಾರಕ್ಕೆ ಹೊರಟಾಗ ಅತ್ತೆ ಕರೆಯದೆಯೇ ಚಪ್ಪಲಿ ಮೆಟ್ಟಿದರು. ಕೌಂಟರಿನವರು ನನ್ನ ಸೈನ್ ಹಾಕಿಸಿಕೊಂಡು ಸರ್ಟಿಫಿಕೇಟ್ ಕೊಟ್ಟರು. ನಾನು ಅದನ್ನು ಅತ್ತೆಯ ಕೈಗಿಟ್ಟೆ. ಅತ್ತೆ ಎರಡೂ ಕೈಯಲ್ಲಿ ಹಿಡಿದು ನಿಂತದ್ದನ್ನು ನೋಡಿ ಕೌಂಟರಿನವರು ಕೇಳಿದರು, "ತಾಯೀನಾಮ್ಮ?"

"ಅತ್ತೆ ಕಣಪ್ಪ. ಈ ಪಾಠಾನೆಲ್ಲ ಇವ್ಳಿಗಿಂತ ಮುಂಚೆ ಕೇಳಿದ್ದು ನಾನು."