ಎಂಟು ಅಡಿಯ ಕಡಲಿಗೆ ಅಲೆ ಹುಡುಕಿದ್ದು

ಬಟ್ಟೆ ನೆನೆಹಾಕುವ ನಮ್ಮ ನೀಲಿ ಟಬ್ಬು ಹೋದ ವರ್ಷ ಎರಡು ತಿಂಗಳು ಬಟ್ಟೆಯ ಮುಖ ಕಾಣಲಿಲ್ಲ. ಮೂಡುಬಿದಿರೆಯ ನಮ್ಮ ಮನೆಯ ಹಿಂಬದಿಯ ಜಗಲಿಯಲ್ಲಿ ಅದು ನೀರು ತುಂಬಿಕೊಂಡು ಕೂತಿತ್ತು. ನಡುವೆ ನಾಲ್ಕು ಕೆಂಪು ಮುರಕಲ್ಲಿನ ತುಂಡುಗಳು, ಒಳಬದಿಗೆ ಅಯಸ್ಕಾಂತದಿಂದ ಅಂಟಿಸಿದ ಅಂಗೈಯಗಲದ ಒಂದು ಫ್ಯಾನು, ನೀರಿನಲ್ಲಿ ಕುದಿಸಿ ಸೋಸಿ ಉಳಿದ ಚಹಾಪುಡಿ. ಬೆಳಗ್ಗೆ ಕಾಲೇಜಿಗೆ ಹೊರಡುವ ಮೊದಲು ಫ್ಯಾನು ತಿರುಗಿಸಿ, ಆ ಪುಡಿ ಎಲ್ಲಿ ಓಡುತ್ತದೆ, ಎಲ್ಲಿ ಸುಳಿಯುತ್ತದೆ, ಯಾವ ಕಲ್ಲಿನ ಬೆನ್ನಿಗೆ ಹೋಗಿ ಸುಮ್ಮನೆ ಕೂತುಬಿಡುತ್ತದೆ ಎಂದು ಬಗ್ಗಿ ನೋಡುತ್ತಿದ್ದೆ. ಫ್ಯಾನನ್ನು ಒಂದು ಗೇಣು ಆಚೆ ಸರಿಸಿದರೆ ಪುಡಿ ಇನ್ನೊಂದು ಕಲ್ಲಿನ ಹಿಂದೆ ಕೂರುತ್ತಿತ್ತು. ಕೆಳಗೆ ಇಳಿಸಿದರೆ ಮತ್ತೊಂದರ ಹಿಂದೆ. ನನ್ನ ಗಂಡ ಒಂದು ದಿನ ತಡೆಯಲಾರದೆ, "ಚಹಾ ಮಾಡುವ ಹೊಸ ಕ್ರಮವಾ ಇದು?" ಎಂದು ಕೇಳಿದರು. ನಾನು ನಗಲಿಲ್ಲ. ಆ ದಿನಗಳಲ್ಲಿ ನಗುವಷ್ಟು ಪುರುಸೊತ್ತು ನನ್ನ ಮನಸ್ಸಿಗೆ ಇರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಅಣ್ಣ ವಸಂತ. ಬೆಳ್ತಂಗಡಿಯಲ್ಲಿ ಅವನು ಹೊಸ ಹೋಟೆಲು ಕಟ್ಟಿಸುತ್ತಿದ್ದ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಗಲ್ಫಿನ ಒಂದು ದೊಡ್ಡ ಹೋಟೆಲಿನಲ್ಲಿ ಊಟ ಬಡಿಸಿದವನು. ಅಲ್ಲಿನ ಊಟದ ಸಭಾಂಗಣದಲ್ಲಿ ಗೋಡೆಯಷ್ಟು ದೊಡ್ಡ ಗಾಜಿನ ತೊಟ್ಟಿ ಇತ್ತಂತೆ; ಒಳಗೆ ಜೀವಂತ ಹವಳ, ಬಣ್ಣದ ಮೀನು. ಅದರ ಪಕ್ಕದಲ್ಲಿ ನಿಂತುಕೊಂಡೇ ತಾನು ಊರಿನ ನೆನಪನ್ನು ತಡೆದುಕೊಳ್ಳುತ್ತಿದ್ದೆ ಎಂದು ಅವನು ಒಮ್ಮೆ ಮಾತ್ರ ಹೇಳಿದ್ದ. ತನ್ನ ಹೋಟೆಲಿನಲ್ಲೂ ಅಂಥದೊಂದು ಬೇಕು, ಎಂಟು ಅಡಿ ಉದ್ದದ್ದಾದರೂ ಸಾಕು ಎಂಬುದು ಅವನ ಹಟ. ಕಾಲೇಜಿನ ಪ್ರಯೋಗಾಲಯದಲ್ಲಿ ಉಪ್ಪುನೀರಿನ ಪುಟ್ಟ ತೊಟ್ಟಿಯೊಂದನ್ನು ಹಲವು ವರ್ಷ ಸಾಕಿದ ಪ್ರಾಣಿಶಾಸ್ತ್ರದ ಉಪನ್ಯಾಸಕಿ ನಾನು. "ನೀರಿನ ವಿಷಯ ಪೂರ್ತಿ ನಿನ್ನದು, ಸುಜಾತ. ನೀನು ಹೇಳಿದ್ದೇ ಕೊನೆ," ಎಂದುಬಿಟ್ಟ ಅಣ್ಣ.

ಹವಳವೆಂದರೆ ಆಭರಣದಂಗಡಿಯ ಕೆಂಪು ಮಣಿಯಷ್ಟೇ ಎಂದು ತಿಳಿದವರಿಗೆ ಒಂದು ಮಾತು ಹೇಳಬೇಕು. ಅದು ಪ್ರಾಣಿ. ಬಂಡೆಗೆ ಅಂಟಿ ಕೂತ ಪ್ರಾಣಿಯಾದ್ದರಿಂದ ತಾನಾಗಿ ಎಲ್ಲಿಗೂ ಹೋಗಲಾರದು. ಉಸಿರು, ಆಹಾರ, ಮೈಯ ಕೊಳೆ ತೊಳೆಯುವ ಕೆಲಸ ಎಲ್ಲವನ್ನೂ ಅದರ ಬಳಿಗೆ ಬರುವ ನೀರೇ ಮಾಡಬೇಕು. ಹಾಗೆಂದು ಒಂದೇ ಕಡೆಯಿಂದ ಬಿಡದೆ ಹೊಡೆಯುವ ನೀರು ಅದಕ್ಕೆ ಶಿಕ್ಷೆ. ಕಡಲಿನಲ್ಲಿ ನೀರು ಹೋಗುತ್ತದೆ, ಮರಳುತ್ತದೆ, ಒಂದು ಗಳಿಗೆ ಸುಮ್ಮನಾಗಿ ಮತ್ತೆ ಬರುತ್ತದೆ. ಆ ಹೋಗಿಬರುವಿಕೆಯನ್ನು ಗಾಜಿನ ಪೆಟ್ಟಿಗೆಯೊಳಗೆ ತರುವುದು ಹೇಗೆ? ಅಲೆಯನ್ನು ಹುಡುಕುತ್ತ ನಾನು ಅಲೆದದ್ದು ಅಷ್ಟಿಷ್ಟಲ್ಲ. ಪಾಠದ ನಡುವೆ ಕಪ್ಪುಹಲಗೆಯ ಮೂಲೆಯಲ್ಲಿ ಬಾಣದ ಗುರುತು ಹಾಕಿಕೊಂಡೆ; ಮೂಡುಬಿದಿರೆಯಿಂದ ವೇಣೂರು ದಾಟಿ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕೂತು ಟಿಕೆಟಿನ ಹಿಂದೆ ಪೈಪಿನ ಚಿತ್ರ ಬರೆದೆ. ಅನ್ನದ ಬಟ್ಟಲಲ್ಲಿ ಸಾರು ಯಾವ ಬದಿಗೆ ಹರಿಯಿತೆಂದು ನೋಡಿ ನೋಡಿ ಊಟ ತಣ್ಣಗಾಗಿಸಿಕೊಂಡದ್ದೂ ಉಂಟು.

ಕೊನೆಗೆ ದಾರಿ ಎರಡೇ ಉಳಿದವು. ಒಂದು, ತೊಟ್ಟಿಯ ಹೊರಗೆ ಒಂದೇ ಒಂದು ದೊಡ್ಡ ಪಂಪು; ನೀರನ್ನು ಎಳೆದು, ಬಂಡೆಗಳ ಹಿಂದೆ ಅಡಗಿಸಿದ ಪೈಪುಗಳ ಬಾಯಿಂದ ಮತ್ತೆ ಒಳಗೆ ಚಿಮ್ಮಿಸುವುದು. ನೋಡುವವರಿಗೆ ಯಂತ್ರದ ಸುಳಿವೇ ಇಲ್ಲ. ಇನ್ನೊಂದು, ತೊಟ್ಟಿಯ ಎರಡು ತುದಿಗೂ ಒಳಗೇ ಅಂಟಿಸುವ ಅಲೆಯ ಫ್ಯಾನುಗಳು. ಒಮ್ಮೆ ಎಡದ್ದು, ಒಮ್ಮೆ ಬಲದ್ದು, ಒಮ್ಮೆ ಎರಡೂ ನಿಧಾನವಾಗಿ. ಕಪ್ಪಗೆ, ಮುಷ್ಟಿಯ ಗಾತ್ರಕ್ಕೆ, ಕಣ್ಣಿಗೆ ಚುಚ್ಚುವಂತೆ ಕಾಣುತ್ತವೆ. ನೀಲಿ ಟಬ್ಬಿನ ಚಹಾಪುಡಿ ಎರಡನೆಯದನ್ನೇ ಹೇಳುತ್ತಿತ್ತು. ಫ್ಯಾನು ಒಂದೇ ಕಡೆಗೆ ಊದುವಷ್ಟು ಹೊತ್ತು ಕಲ್ಲಿನ ಬೆನ್ನಿಗೆ ಕೂತ ಪುಡಿ ಏಳುತ್ತಲೇ ಇರಲಿಲ್ಲ. ಎದುರಿನಿಂದ ಇನ್ನೊಂದನ್ನು ತಿರುಗಿಸಿದ ದಿನ ಎಲ್ಲವೂ ಎದ್ದು ತೇಲಿತು. ಮಂಗಳೂರಿನಿಂದ ಬಂದು ತೊಟ್ಟಿ ಜೋಡಿಸುತ್ತಿದ್ದ ಪ್ರವೀಣ ಎಂಬವರಿಗೆ ಫೋನು ಮಾಡಿ, ಅಂಥ ಎರಡು ಫ್ಯಾನು ತರಿಸಲು ಎಷ್ಟು ದಿನ ಬೇಕೆಂದು ವಿಚಾರಿಸಿದೆ. ಮರುದಿನವೇ ಅಣ್ಣನಿಗೆ ಹೇಳುವುದೆಂದು ಬೆಳ್ತಂಗಡಿಗೆ ಹೊರಟೆ.

ಹೋದಾಗ ಅಣ್ಣ ಖಾಲಿ ತೊಟ್ಟಿಯ ಮುಂದೆ ನಿಂತಿದ್ದ. ಗಾಜಿನ ಮೇಲೆ ಅಂಗೈ ಇಟ್ಟು, "ಒಳಗೆ ಎಂಥದೂ ಕಾಣಬಾರದು ಸುಜಾತ. ಮಿಷನು, ವಯರು, ಫ್ಯಾನು, ಒಂದೂ ಬೇಡ. ಅಲ್ಲಿ ಹಾಗೇ ಇತ್ತು. ಬರೀ ಸಮುದ್ರ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡ ಪಂಪು ಸಾಕಾಗ್ತದೆ ಅಲ್ವಾ?" ಎಂದು ಕೇಳಿದ.

ಗಲ್ಫಿನ ಅಷ್ಟು ದೊಡ್ಡ ತೊಟ್ಟಿಯಲ್ಲಿ ಹತ್ತಾರು ಬಾಯಿಗಳನ್ನು ಅಡಗಿಸಿ ನೀರಿನ ದಿಕ್ಕು ಬದಲಿಸುತ್ತಿರಲು ಜಾಗ ಇರುತ್ತದೆ, ಇಲ್ಲಿ ಇಲ್ಲ ಎಂದು ಹೇಳಬೇಕಿತ್ತು. ಮಾತು ನಾಲಿಗೆಯವರೆಗೂ ಬಂದಿತ್ತು. ಆದರೆ ನೋಡಿ, ಆ ಮನುಷ್ಯ ಹತ್ತನೇ ತರಗತಿಗೆ ಓದು ಬಿಟ್ಟು ಕಡಲು ದಾಟಿ ದುಡ್ಡು ಕಳಿಸಿದ್ದರಿಂದ ನಾನು ಉಪನ್ಯಾಸಕಿಯಾದವಳು. ಅವನು ಅದನ್ನು ಒಮ್ಮೆಯೂ ಎತ್ತಿ ಆಡಿದವನಲ್ಲ. ಬಹುಶಃ ಅದಕ್ಕಾಗಿಯೇ ನಾನು ಅವನಿಗೆ ಒಮ್ಮೆಯೂ ಇಲ್ಲ ಎಂದವಳಲ್ಲ. ಸೀರೆಯ ಬಣ್ಣದಿಂದ ಹಿಡಿದು ಮನೆಯ ಬಾಗಿಲಿನ ದಿಕ್ಕಿನವರೆಗೆ ಅವನ ಮಾತಿಗೆ ನನ್ನ ಉತ್ತರ ಒಂದೇ ಆಗಿತ್ತು. ಅಂದೂ ಅದೇ ಬಾಯಿಗೆ ಬಂತು. "ಆಗ್ತದೆ ಅಣ್ಣ," ಎಂದೆ.

ಹೋಟೆಲು ತೆರೆದ ದಿನ ಜನ ಊಟ ಬಿಟ್ಟು ತೊಟ್ಟಿಯ ಮುಂದೆ ಸಾಲು ನಿಂತರು. ನಮ್ಮ ಕಡಲಿನ ಹವಳವನ್ನು ಮುಟ್ಟುವುದು ಅಪರಾಧ. ನಮ್ಮ ತೊಟ್ಟಿಯ ಹವಳಗಳು ಹೊರದೇಶದ ತೊಟ್ಟಿಗಳಲ್ಲೇ ಬೆಳೆದು, ಕಾಗದಪತ್ರಗಳ ಸಮೇತ ಬಂದವು. ಅವುಗಳಲ್ಲಿ ಹಸಿರು ತುದಿಯ ಉದ್ದ ಕುಚ್ಚುಗಳದ್ದೊಂದು ಅಣ್ಣನ ಕಣ್ಮಣಿ. ಪೈಪಿನ ನೀರಿನ ಹೊಡೆತಕ್ಕೆ, ಗಾಳಿಗೆ ಬಾಗುವ ಪೈರಿನಂತೆ ಅದು ಒಂದೇ ಬದಿಗೆ ಬಾಗಿರುತ್ತಿತ್ತು. ಎಲ್ಲರೂ ಚಂದ ಎಂದರು. ಮರಳದೆ ಬಾಗಿಯೇ ಇದ್ದ ಆ ಕುಚ್ಚನ್ನು ಕಂಡು ನಾನು ಮಾತ್ರ ಪಾಯಸದ ಲೋಟ ಕೆಳಗಿಟ್ಟೆ.

ಮೂರನೆಯ ವಾರಕ್ಕೆ ಬಂಡೆಗಳ ಹಿಂದೆ ಕೊಳೆ ಕೂತು ಅದರ ಮೇಲೆ ಕೆಂಪು ಲೋಳೆ ಹಬ್ಬಿತು. ಐದನೆಯ ವಾರಕ್ಕೆ ಹಸಿರು ಹವಳದ ಒಂದು ಬದಿಯ ಮಾಂಸ ಕಿತ್ತುಹೋಗಿ, ಬಿಳಿಯ ಎಲುಬು ಕಂಡಿತು. ಅಣ್ಣ ಫೋನಿನಲ್ಲಿ ಉಪ್ಪು ಹೆಚ್ಚಾಯಿತಾ, ಬೆಳಕು ಕಡಿಮೆಯಾಯಿತಾ ಎಂದು ಕೇಳುತ್ತಿದ್ದ. ನಾನು ಒಂದೊಂದು ದಿನ ಒಂದೊಂದು ಕಾರಣ ಹೇಳುತ್ತಿದ್ದೆ. ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದಲು ಕೂತರೆ ಅರ್ಧಕ್ಕೆ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ, ಅಂಗಳದಿಂದ ಯಾಕೆ ಬಂದೆನೆಂದು ತಿಳಿಯದೆ ಒಳಗೆ ಬರುತ್ತಿದ್ದೆ.

ಒಂದು ಶನಿವಾರ ಅಣ್ಣ ನನ್ನ ಜೊತೆ ಪ್ರವೀಣರನ್ನೂ ಕರೆಸಿದ್ದ. ಮಧ್ಯಾಹ್ನದ ಊಟದ ಗದ್ದಲಕ್ಕೆ ಮೊದಲು ನಾವು ಮೂವರೂ ತೊಟ್ಟಿಯ ಮುಂದೆ ನಿಂತಿದ್ದೆವು. ಪ್ರವೀಣರು ಗಾಜಿಗೆ ಮುಖ ತಾಗಿಸಿ ನೋಡಿ, ಯಾವ ದುರುದ್ದೇಶವೂ ಇಲ್ಲದೆ ಹೇಳಿದರು: "ನೀರು ಒಂದೇ ಬದಿಯಿಂದ ಹೊಡೆದದ್ದು ಸರ್. ಮೇಡಂ ಮೊದಲೇ ಎರಡು ಫ್ಯಾನು ಕೇಳಿದ್ರಲ್ಲ, ಅದು ಹಾಕಿದ್ರೆ ಹೀಗೆ ಆಗ್ತಿರ್ಲಿಲ್ಲ."

ಅಣ್ಣ ನನ್ನನ್ನು ನೋಡಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ಮಾರಾಯ್ತಿ?"

"ನಿಂಗೆ ಒಳಗೆ ಎಂಥದೂ ಕಾಣಬಾರದು ಅಂತ ಇತ್ತಲ್ಲ. ಅದಕ್ಕೆ…"

ಅವನು ರೇಗುತ್ತಾನೆಂದುಕೊಂಡೆ. ರೇಗಲಿಲ್ಲ. ಪ್ರವೀಣರು ಪಂಪು ನೋಡುವ ನೆಪದಲ್ಲಿ ಹಿಂದಕ್ಕೆ ಹೋದ ಮೇಲೆ ಬಹಳ ಮೆಲ್ಲಗೆ ಹೇಳಿದ: "ಹತ್ತೊಂಬತ್ತು ವರ್ಷ ನಾನು 'ಯೆಸ್ ಸರ್' ಅಂತ ಹೇಳಿಯೇ ಬದುಕಿದ್ದು. ಅದರ ಕಷ್ಟ ಎಂಥದು ಅಂತ ನಂಗೆ ಗೊತ್ತುಂಟು. ನಂಗೆ ಹಾಗೆ ಹೇಳುವವರು ಬೇಕಾದಷ್ಟು ಜನ ಇಲ್ಲಿ ಕೆಲಸಕ್ಕಿದ್ದಾರೆ. ನೀನೂ ಹಾಗೇ ಹೇಳೋದಾದ್ರೆ ನಂಗೆ ತಂಗಿ ಅಂತ ಯಾರಿದ್ದಾರೆ?"

ಕೃತಜ್ಞತೆ ಎಂದು ನಾನು ಇಷ್ಟು ಕಾಲ ಜೋಪಾನ ಮಾಡಿದ್ದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಬರೀ ಅಂಜಿಕೆ ಎಂದು ಆ ಗಾಜಿನ ಮುಂದೆ ನಿಂತೇ ಯೋಚಿಸಿದೆ, ಈಗಲೂ ಯೋಚಿಸುತ್ತಿದ್ದೇನೆ. ಒಪ್ಪಿಗೆಯನ್ನಷ್ಟೇ ಕೊಡುತ್ತ ಹೋದ ನಾನು ಅವನಿಗೆ ನನ್ನ ಮನಸ್ಸಿನ ಮಾತನ್ನು ಕೊಟ್ಟೇ ಇರಲಿಲ್ಲವಲ್ಲ ಎಂಬ ಸಂಕಟ ಇದ್ದಕ್ಕಿದ್ದಂತೆ ಎದೆಗೆ ಬಂತು. ಬಂಡೆಗಳ ಹಿಂದೆ ಪೈಪು ಅಡಗಿಸಿ, ಎಲ್ಲವೂ ಸರಿಯಿದೆ ಎಂದು ತೋರಿಸುತ್ತಿದ್ದ ತೊಟ್ಟಿಯೊಳಗೆ ಒಂದು ಜೀವ ಸಾಯುತ್ತಿತ್ತು. ತಪ್ಪು ಪಂಪಿನದ್ದಲ್ಲ, ನನ್ನದು. ಹಾಗೆಂದು ಬಾಯಿಬಿಟ್ಟು ಹೇಳಿದೆ.

"ಹ್ಞಾಂ, ನಿನ್ನದೇ," ಎಂದ ಅಣ್ಣ. "ಈಗ ಎಂಥ ಮಾಡುವ, ಅದು ಹೇಳು."

ಫ್ಯಾನುಗಳು ಬಂದ ಸೋಮವಾರ ಅವನು ಊಟದ ಸಭಾಂಗಣಕ್ಕೆ ರಜೆ ಹಾಕಿದ. ಪೈಪು ಬಿಚ್ಚಿ, ಕೆಂಪು ಲೋಳೆಯನ್ನು ಕೊಳವೆಯಿಂದ ಎಳೆದು ತೆಗೆದು, ಎರಡು ತುದಿಗೂ ಕಪ್ಪು ಫ್ಯಾನು ಕೂರಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಣ್ಣ ಪಂಚೆ ಎತ್ತಿಕಟ್ಟಿ ಬಕೆಟು ಹೊತ್ತ. ಸ್ವಿಚ್ಚು ಹಾಕಿದಾಗ ಹಸಿರು ಕುಚ್ಚು ಎಡಕ್ಕೆ ಬಾಗಿತು, ಎದ್ದಿತು, ತಡೆದು ನಿಂತು ಬಲಕ್ಕೆ ಬಾಗಿತು. ಅದರ ಅರ್ಧ ಭಾಗ ಮಾತ್ರ ಉಳಿಯಿತು. ಸತ್ತ ಅರ್ಧ ಬೆಳ್ಳಗೆ ಹಾಗೆಯೇ ಇದೆ. ಕತ್ತರಿಸಿ ತೆಗೆಯುವುದು ಬೇಡವೆಂದು ಅಣ್ಣನೇ ಹೇಳಿದ. ಫ್ಯಾನನ್ನು ತೋರಿಸಿ "ಇದೆಂಥದು ಕಪ್ಪಗೆ?" ಎಂದು ಗಿರಾಕಿಗಳು ಕೇಳಿದರೆ, "ಅದು ಬೇಕು," ಎಂದಷ್ಟೇ ಹೇಳಿ ಇಡ್ಲಿ ಬಡಿಸುತ್ತಾನಂತೆ.

ಹೋದ ತಿಂಗಳು ಒಂದು ಬೆಳಗ್ಗೆ ಅವನ ಫೋನು ಬಂತು. ಹಳದಿ ಬಣ್ಣದ ಚಿಟ್ಟೆಮೀನು ಜೋಡಿ ಸಿಗುತ್ತದಂತೆ, ನೋಡಿದರೆ ಕಣ್ಣು ತೆಗೆಯಲಾಗುವುದಿಲ್ಲವಂತೆ, ಮುಂಗಡ ಕೊಡಲೇ ಎಂದ.

"ಬೇಡ ಅಣ್ಣ," ಎಂದೆ. "ಆ ಜಾತಿಯವು ಹವಳವನ್ನೇ ಕುಕ್ಕಿ ತಿಂತವೆ."

"ಎರಡೇ ಎರಡು, ಸುಜಾತ."

"ಎರಡೂ ಬೇಡ."

"ನಾನು ಮೀನಿನವರಿಗೆ ಆಗ್ತದೆ ಅಂತ ಹೆಚ್ಚುಕಡಿಮೆ ಹೇಳಿಯೇ ಆಯ್ತಲ್ಲ!"

"ಹಾಗಾದ್ರೆ ಆಗುದಿಲ್ಲ ಅಂತ ಪುನಃ ಹೇಳು."

ಫೋನು ಕಟ್ಟಾಯಿತು. ಕಾಲೇಜಿಗೆ ಹೊತ್ತಾಗುತ್ತಿದ್ದರೂ ಅಂಗಳದ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ; ಕರೆ ಮಾಡಿ ಕ್ಷಮೆ ಕೇಳಬೇಕೆಂದು ಎರಡು ಸಲ ಫೋನು ಎತ್ತಿ ಎರಡು ಸಲವೂ ಕೆಳಗಿಟ್ಟೆ. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಬಂದಾಗ ಫೋನು ಮತ್ತೆ ಹೊಡೆದುಕೊಂಡಿತು.

"ಆಯ್ತು, ಬೇಡ," ಎಂದ ಅಣ್ಣ, ಇನ್ನೂ ಮುನಿಸು ಇಳಿಯದ ದನಿಯಲ್ಲಿ. "ಬೇರೆ ಯಾವುದು ಹಾಕುವ, ನೀನೇ ಬಂದು ಹೇಳು. ಊಟಕ್ಕೆ ಬಾ."