ಅಳಿಸಿ ನೋಡಿದ ಗುರುತು

ಪ್ಲೆಸೆಂಟನ್ ಊರಿನ ಲ್ಯಾಬಿನಲ್ಲಿ ನನ್ನ ಕೆಲಸ ಹೃದಯದ ಸ್ನಾಯುವಿನ ಚೂರುಗಳಲ್ಲಿ ಒಂದು ಗುರುತನ್ನು ಹುಡುಕುವುದು. ಜೀವಕೋಶ ಒಂದು ಪ್ರೋಟೀನನ್ನು ಕೆಲಸಕ್ಕೆ ಹಚ್ಚಬೇಕಾದಾಗ ಅದಕ್ಕೊಂದು ಪುಟ್ಟ ಫಾಸ್ಫೇಟು ಅಂಟಿಸುತ್ತದೆ. ಕೆಲಸ ಮುಗಿದ ಮೇಲೆ ಕಿತ್ತುಹಾಕುತ್ತದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಫಾಸ್ಫೇಟು ಇದ್ದರೆ ಮಾತ್ರ ಹಿಡಿದುಕೊಳ್ಳುವ ಆಂಟಿಬಾಡಿಯನ್ನು ಸ್ಲೈಡಿನ ಮೇಲೆ ಬಿಟ್ಟು, ಅದು ಕೂತ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತೇವೆ. ಇಷ್ಟು ವರ್ಷವಾದರೂ ಆ ಬಣ್ಣ ಏಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಆ ಸಲ ಬಂದದ್ದು ಆಪರೇಷನ್ನಿನಲ್ಲಿ ಯಾರದೋ ಹೃದಯದಿಂದ ತೆಗೆದ ಅಕ್ಕಿಕಾಳಿನಷ್ಟು ಚೂರು. ಬಣ್ಣ ಚೆನ್ನಾಗಿಯೇ ಬಂತು. ನಮ್ಮ ತಂಡದ ಮುಖ್ಯಸ್ಥರು ಮೈಸೂರಿನ ಹಿರಿಯರು. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಇಣುಕಿ, ಇದು ಫಾಸ್ಫೇಟಲ್ಲ, ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟಿಕೊಂಡು ಆದ ಕೊಳೆ ಅಂದುಬಿಟ್ಟರು. ಹಾಗಾದರೆ ನನ್ನ ಅಷ್ಟೂ ವರ್ಷದ ಕೆಲಸ ಕಸದ ಬುಟ್ಟಿಗೆ! ಮೈಯೆಲ್ಲ ಉರಿದುಹೋಯಿತು. ಪ್ರೂವ್ ಮಾಡಿ ತೋರಿಸುತ್ತೇನೆ ಎಂದೆ.

ಅದಕ್ಕೆ ದಾರಿಯೊಂದಿತ್ತು. ಪಕ್ಕಪಕ್ಕದ ಎರಡು ಪದರ ಕೊಯ್ದು, ಒಂದರ ಮೇಲೆ ಫಾಸ್ಫೇಟನ್ನು ಕಿತ್ತುಹಾಕುವ ಎಂಜೈಮು ಬಿಟ್ಟು, ಆಮೇಲೆ ಎರಡಕ್ಕೂ ಒಂದೇ ರೀತಿ ಬಣ್ಣ ಕಟ್ಟಬೇಕು. ಎರಡರಲ್ಲೂ ಕಂದು ಬಂದರೆ ಅವರು ಹೇಳಿದ್ದೇ ಸರಿ; ಎಂಜೈಮು ಬಿಟ್ಟದ್ದರಲ್ಲಿ ಮಾತ್ರ ಬಾರದಿದ್ದರೆ ನಾನು ಹೇಳಿದ್ದು ಸರಿ. ಕೊಯ್ಯಲೆಂದು ಮೇಣದಲ್ಲಿ ಹುದುಗಿಸಿಟ್ಟಿದ್ದರಲ್ಲಿ ಉಳಿದಿದ್ದ ಚೂರು ಆ ಎರಡು ಪದರಕ್ಕಷ್ಟೇ ಸಾಲುತ್ತಿತ್ತು. ಇದೆ ಇದೆ ಎಂದು ಹಟ ಹಿಡಿದದ್ದನ್ನು ಈಗ ನಾನೇ ಕೈಯಾರೆ ಅಳಿಸಬೇಕು. ಎಂಜೈಮನ್ನು ಹನಿಹನಿಯಾಗಿ ಬಿಟ್ಟೆ. ಕಾಯುವ ಹೊತ್ತಿನಲ್ಲಿ, ಗ್ರೋಸರಿಯಿಂದ ಏನು ತರಲಿ ಎಂದು ಗಂಡ ಫೋನು ಮಾಡಿದರೆ, ಏನಾದರೂ ತನ್ನಿ ಎಂದು ರೇಗಿದೆ.

ಕೊನೆಗೆ ಸ್ಲೈಡುಗಳನ್ನು ಒಂದಾದ ಮೇಲೊಂದು ನೋಡಿದೆ. ಎಂಜೈಮು ಬಿಡದಿದ್ದ ಮೊದಲನೆಯದರಲ್ಲಿ ಎಳೆ ಎಳೆಯಾಗಿ ಕಂದು. ಇನ್ನೊಂದರಲ್ಲಿ ಅವೇ ಎಳೆಗಳು, ಅವೇ ತಿರುವುಗಳು, ಕಂದು ಮಾತ್ರ ಇಲ್ಲವೇ ಇಲ್ಲ. ಹಿರಿಯರನ್ನು ಕರೆದೆ. ಅವರು ಎರಡನ್ನೂ ಬದಲಿಸಿ ಬದಲಿಸಿ ಬಹಳ ಹೊತ್ತು ನೋಡಿದರು.

“ಕೊಳೆ ಅಲ್ಲಮ್ಮ. ನಿಜವಾಗ್ಲೂ ಇದೆ ಇದು,” ಎಂದರು.

ಗೆದ್ದೆನೆಂದು ಬೀಗಬೇಕಿತ್ತು, ಆಗಲಿಲ್ಲ. ಆ ಚೂರನ್ನು ತೆಗೆದ ಗಳಿಗೆಯಲ್ಲಿ ಆ ಹೃದಯ ಏನು ಮಾಡುತ್ತಿತ್ತೋ ಅದು ಹಾಗೇ ನಿಂತು ನನ್ನ ಕಣ್ಣೆದುರಿಗಿತ್ತು. ಅದು ಯಾರದೆಂದು ನಮಗೆ ತಿಳಿಸುವುದಿಲ್ಲ, ಸ್ಲೈಡಿನ ಮೇಲೆ ಬರೀ ನಂಬರು. ನಿಮ್ಮ ಹೃದಯ ಕೆಲಸ ಮಾಡುತ್ತಿದ್ದುದನ್ನು ನಾನು ನೋಡಿದೆ ಎಂದು ಅವರಿಗೆ ಹೇಳಬೇಕೆನಿಸಿತು. ಎಲ್ಲಿ ಹುಡುಕಲಿ? ಗ್ಲೌಸು ಬಿಚ್ಚಿ, ಬರಿಗೈಯನ್ನು ನನ್ನ ಎದೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತೆ.