ಗಣಪಣ್ಣ ನನ್ನನ್ನು ಇಳಿಯಲು ಬಿಡಲಿಲ್ಲ

ಕೊರೊನಾ ಮುಗಿದು, ಹಡಗಿನ ಕೆಲಸಗಾರರು ಮತ್ತೆ ಮೊದಲಿನಂತೆ ಊರಿಗೆ ಬಂದು ಹೋಗಲು ಶುರುಮಾಡಿದ ವರ್ಷ ಅದು. ನನಗಾಗ ಇಪ್ಪತ್ಮೂರು. ಸರಕು ಹಡಗೊಂದರಲ್ಲಿ ಡೆಕ್ ಮೇಲಿನ ಕೆಲಸಗಾರನಾಗಿ ಎರಡನೇ ಸಲ ಹೊರಟಿದ್ದೆ. ನಮ್ಮೂರು ತಾಳಗುಂದದ ಹತ್ತಿರ. ಮನೆಯಲ್ಲಿ ಭತ್ತ, ಮೆಕ್ಕೆಜೋಳ ಬೆಳೆಯುತ್ತಾರೆ. ಶಿಕಾರಿಪುರದಲ್ಲಿ ಐಟಿಐ ಮುಗಿಸಿ, ಆರು ತಿಂಗಳು ನಾವಿಕ ತರಬೇತಿ ಪಡೆದು ಈ ಕೆಲಸಕ್ಕೆ ಸೇರಿದ್ದೆ. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಅಂಜನಾಪುರ ಡ್ಯಾಮಿನದು.

ಆ ಸಲ ದಕ್ಷಿಣ ಅಮೆರಿಕದ ಉರುಗ್ವೆಯಿಂದ ಪೈನ್ ಮರದ ದಿಮ್ಮಿಗಳನ್ನು ತುಂಬಿಕೊಂಡು ಗುಜರಾತಿಗೆ ಬರುತ್ತಿದ್ದೆವು. ಒಂದು ತಿಂಗಳು ಮೀರಿದ ದಾರಿ. ಹಡಗಿನಲ್ಲಿದ್ದ ಇಪ್ಪತ್ತೆರಡು ಜನರಲ್ಲಿ ಕನ್ನಡದವರು ನಾವಿಬ್ಬರೇ, ನಾನು ಮತ್ತು ಸೊರಬದ ಗಣಪತಿ. ನಲವತ್ತೈದು ದಾಟಿದ, ಇಪ್ಪತ್ತು ವರ್ಷ ಸಮುದ್ರ ಕಂಡ ಮನುಷ್ಯ. ನಾನು ಗಣಪಣ್ಣ ಎನ್ನುತ್ತಿದ್ದೆ. ಅವರದು ಮಾತು ಕಡಿಮೆ. ಆದರೂ ನನ್ನ ‘ಐತಿ’, ‘ಬರ್ತತಿ’ ಕಿವಿಗೆ ಬಿದ್ದರೆ, “ನೀ ಎಂತ ಧಾರವಾಡದವ್ನಾ ಮಾರಾಯ?” ಎಂದು ಕಿಚಾಯಿಸುತ್ತಿದ್ದರು.

ನನಗೆ ಹೆಚ್ಚು ಸಲುಗೆಯಿದ್ದದ್ದು ಕೇರಳದ ಬಿಜು ಜೊತೆ. ಇಬ್ಬರದೂ ಒಂದೇ ವಯಸ್ಸು. ಹಡಗಿನಲ್ಲಿ ಎಲ್ಲರ ತಲೆಗೂದಲು ಕತ್ತರಿಸುತ್ತಿದ್ದವನು ಅವನೇ. ಅವನ ಹಿಂದಿಯೂ ನನ್ನ ಹಿಂದಿಯಷ್ಟೇ ಕೆಟ್ಟದಾಗಿತ್ತು. ಹಾಗಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಹೊರಟು ಹನ್ನೆರಡನೇ ದಿನ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ಗೆ ಇನ್ನೂ ಎರಡು ದಿನದ ದಾರಿಯಿತ್ತು. ಅಲೆಗಳ ಅಬ್ಬರ ಇಳಿದಿದ್ದರಿಂದ, ಬೆಳಿಗ್ಗೆ ಹತ್ತರ ಸುಮಾರಿಗೆ ಗಣಪಣ್ಣ, ಬಿಜು ಮತ್ತು ನನ್ನನ್ನು ಡೆಕ್ ಮೇಲಿನ ಮುಚ್ಚಳಗಳಿಗೆ ಗ್ರೀಸ್ ಹಾಕಲು ಕಳಿಸಿದರು. ಆ ಮುಚ್ಚಳ ಎತ್ತಿದರೆ ದಿಮ್ಮಿ ತುಂಬಿದ ಕೋಣೆಗೆ ಇಳಿಯುವ ಕಬ್ಬಿಣದ ಏಣಿ. ಯಾರೂ ಇಳಿಯಕೂಡದೆಂದು ಮೊದಲೇ ಹೇಳಿದ್ದರು. ಹಸಿ ದಿಮ್ಮಿಗಳು ಮುಚ್ಚಿದ ಜಾಗದ ಆಮ್ಲಜನಕವನ್ನು ಹೀರಿಬಿಡುತ್ತವೆ. ವಾಸನೆ ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ, ಯಾವ ಸೂಚನೆಯೂ ಸಿಗುವುದಿಲ್ಲ. ತರಬೇತಿಯಲ್ಲಿ ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ತೆಗೆದುಕೊಂಡಿದ್ದೆ.

ಗಣಪಣ್ಣ ಒರೆಸುವ ಬಟ್ಟೆ ತರಲು ಇಪ್ಪತ್ತು ಹೆಜ್ಜೆ ಆಚೆ ಹೋಗಿದ್ದರು. ಅಷ್ಟರಲ್ಲಿ ಬಿಜುವಿನ ಕೈಯಿಂದ ಗ್ರೀಸ್ ಗನ್ ಜಾರಿ, ತೆರೆದಿಟ್ಟಿದ್ದ ಮುಚ್ಚಳದ ಒಳಗೆ ಬಿತ್ತು. ಪೂರ್ತಿ ಕೆಳಗೆ ಹೋಗಲಿಲ್ಲ. ಹತ್ತು ಅಡಿ ಕೆಳಗೆ, ಏಣಿಯ ಮೊದಲ ತಿರುವಿನ ಕಟ್ಟೆಯ ಮೇಲೆ ನಿಂತಿತು. ಬಿಸಿಲು ಅಲ್ಲಿಯವರೆಗೂ ಬಿದ್ದಿತ್ತು. “ಒಂದೇ ನಿಮಿಷ” ಎಂದು ಬಿಜು ಇಳಿದ. ನಾನು ಬೇಡ ಎನ್ನಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು.

ಅವನು ಗನ್ ಎತ್ತಿಕೊಂಡ. ತಲೆಯೆತ್ತಿ ನನ್ನತ್ತ ನೋಡಿದ, ಏನೋ ಹೇಳಲು ಹೊರಟವನಂತೆ. ಆಮೇಲೆ ಗದ್ದೆ ಕೆಲಸ ಮಾಡಿ ಸುಸ್ತಾದವರು ಬದುವಿನ ಮೇಲೆ ಕೂರುವ ಹಾಗೆ ನಿಧಾನವಾಗಿ ಕೂತ. ಹಾಗೆಯೇ ಪಕ್ಕದ ಕಂಬಿಗೆ ಒರಗಿದ. ಅಷ್ಟೇ.

ನಾನು ಅವನ ಹೆಸರು ಕೂಗಿದೆ. ಕೂಗುತ್ತಲೇ ಏಣಿಗೆ ಕಾಲಿಟ್ಟೆ. ಎರಡು ಮೆಟ್ಟಿಲು ಇಳಿದಿದ್ದೆನೋ ಇಲ್ಲವೋ, ಹಿಂದಿನಿಂದ ಗಣಪಣ್ಣ ನನ್ನ ಕೊರಳಪಟ್ಟಿ ಹಿಡಿದು ಎಳೆದು ಡೆಕ್ ಮೇಲೆ ಕೆಡವಿದರು. ಎದೆಯ ಮೇಲೆ ಮಂಡಿಯೂರಿ ಕೂತು, ಒಂದು ಕೈಯಲ್ಲಿ ವಾಕಿಟಾಕಿ ಹಿಡಿದು ಕೂಗಿ ಸುದ್ದಿ ಕೊಟ್ಟರು.

“ಬಿಡ್ರೀ ನನ್ನ! ಹತ್ತೇ ಅಡಿ ಐತಿ! ಕೈ ಹಿಡಿದು ಎಳಕೊಂಡು ಬರ್ತೀನಿ!”

“ಇಳಿದ್ರೆ ನೀನೂ ಅಲ್ಲೇ ಕೂತ್ಕಂತೀಯ. ಸುಮ್ನಿರು.”

“ಅವ್ನು ಸಾಯಾಕತ್ತ್ಯಾನ್ರೀ!”

“ಗೊತ್ತು,” ಎಂದರು.

ನಾನು ಅವರ ಮುಖಕ್ಕೆ ಗುದ್ದಿದೆ. ಅವರ ತಾಯಿಯನ್ನು ಸೇರಿಸಿ ಬೈದೆ. ಅವರು ಮಂಡಿ ಸಡಿಲಿಸಲಿಲ್ಲ. ಬಿದ್ದಲ್ಲಿಂದ ನನಗೆ ಕಾಣುತ್ತಿದ್ದದ್ದು ಆಕಾಶ ಮತ್ತು ಅವರ ಗದ್ದ ಮಾತ್ರ. ಕೊನೆಗೆ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಬಂದು ಇಳಿದರು. ಹಗ್ಗ ಕಟ್ಟಿ ಬಿಜುವನ್ನು ಮೇಲೆತ್ತುವಾಗ ಹದಿನಾಲ್ಕು ನಿಮಿಷವಾಗಿತ್ತಂತೆ. ಒಬ್ಬರಾದ ಮೇಲೆ ಒಬ್ಬರು ಅವನ ಎದೆ ಒತ್ತಿದೆವು. ಒಂದು ಗಂಟೆಯ ಮೇಲೆ ಕ್ಯಾಪ್ಟನ್ ಸಾಕು ಎಂದರು.

ಎರಡು ದಿನ ಅವನನ್ನು ತರಕಾರಿ ಇಡುವ ತಣ್ಣನೆ ಕೋಣೆಯಲ್ಲಿ ಮಲಗಿಸಿದ್ದೆವು. ತರಕಾರಿ ಡಬ್ಬಗಳೆಲ್ಲ ಹೊರಗಿನ ಓಣಿಗೆ ಬಂದವು. ಅಡುಗೆಯವರು ಬರೀ ಅನ್ನ, ಬೇಳೆ ಮಾಡಿದರು. ಕೇಪ್ ಟೌನ್‌ನಲ್ಲಿ ಅವನನ್ನು ಇಳಿಸಿಕೊಂಡರು, ವಿಚಾರಣೆಯಾಯಿತು. ನಾವು ಮತ್ತೆ ಹೊರಟೆವು. ಸರಕು ಸರಕೇ, ಅದು ತಲುಪಬೇಕು.

ಅಲ್ಲಿಂದ ಗುಜರಾತಿಗೆ ಸುಮಾರು ಇಪ್ಪತ್ತು ದಿನ. ಆ ಇಪ್ಪತ್ತೂ ದಿನ ನಾನು ಗಣಪಣ್ಣನ ಜೊತೆ ಒಂದು ಮಾತೂ ಆಡಲಿಲ್ಲ. ಅವರು ಊಟಕ್ಕೆ ಕೂತರೆ ನಾನು ಬೇರೆ ಮೇಜಿಗೆ ಹೋಗುತ್ತಿದ್ದೆ. ಒಮ್ಮೆ ನನ್ನ ಮುಂದೆ ಟೀ ತಂದಿಟ್ಟರು. ನಾನು ಎದ್ದು ಹೋದೆ. ಅವರು ಬಿಟ್ಟಿದ್ದರೆ ಬಿಜು ಬದುಕುತ್ತಿದ್ದನೆಂದೇ ನಾನು ನಂಬಿದ್ದೆ. ಬಂದರಿನಲ್ಲಿ ಇಳಿದು ಇಬ್ಬರೂ ಬೇರೆ ಬೇರೆ ರೈಲು ಹತ್ತಿದೆವು.

ಮನೆಯಲ್ಲಿ ಹದಿನೈದು ದಿನ ಯಾರಿಗೂ ಏನೂ ಹೇಳಲಿಲ್ಲ. ಒಂದು ಮಧ್ಯಾಹ್ನ ಹೊಲದಲ್ಲಿ ದೊಡ್ಡಪ್ಪನಿಗೆ ಹೇಳಿದೆ. ಅವರು ಎಲ್ಲ ಕೇಳಿ, ಹಗೇವಿನ ಮಾತು ತೆಗೆದರು. ಹಿಂದೆ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ ತುಂಬಿಡುತ್ತಿದ್ದರು.

“ಹಗೇವಿನ ಬಾಯಿ ತೆಗೆದ ಕೂಡ್ಲೆ ಯಾರೂ ಇಳೀತಿರ್ಲಿಲ್ಲಪಾ,” ಎಂದರು. “ಹಗ್ಗಕ್ಕ ಕಂದೀಲು ಕಟ್ಟಿ ಬಿಡ್ತಿದ್ವಿ. ದೀಪ ಆರಿತೋ, ಇಳಿಯಂಗಿಲ್ಲ. ನಾ ಸಣ್ಣವಿದ್ದಾಗ ಒಂದು ಮನಿಯಾಗ ಅಣ್ಣ ಇಳಿದು ಬಿದ್ದ. ಅವನ್ನ ಎತ್ತಾಕ ತಮ್ಮ ಇಳಿದ. ತಮ್ಮನ್ನ ಎತ್ತಾಕ ಅಪ್ಪ ಇಳಿದ. ಮೂರೂ ಹೆಣ ಒಂದೇ ದಿನ ಹೋದ್ವು. ನಿಮ್ಮ ಹಡಗಿನಾಗ ದೀಪ ಬಿಡೋರು ಇರ್ಲಿಲ್ಲೇನು?”

ದೀಪಕ್ಕಿಂತ ಒಳ್ಳೆಯದು, ಆಮ್ಲಜನಕ ಅಳೆಯುವ ಮೀಟರ್ ಇತ್ತು. ಅದು ಆಫೀಸಿನ ಕಪಾಟಿನಲ್ಲಿತ್ತು.

“ನಿನ್ನ ಹಿಡಿದಾಂವ ಯಾರು?” ಎಂದು ಕೇಳಿದರು. ಸೊರಬದವರು ಎಂದೆ. “ಅವ್ರ ಮನೀಗೆ ಹೋಗಿ ಬಂದ್ಯಾ?” ಎಂದರು.

ಮರುದಿನ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋದೆ. ಅವರ ಮನೆಯಲ್ಲಿ ಹೆಂಡತಿ, “ಶಾಲೆ ಮೈದಾನದಲ್ಲಿ ಇದಾರೆ ನೋಡಿ, ಮಗಳಿಗೆ ಸ್ಕೂಟಿ ಕಲಿಸ್ತಾ ಇದಾರೆ” ಎಂದರು. ಹೋದಾಗ ಗಣಪಣ್ಣ ಸ್ಕೂಟಿಯ ಹಿಂದೆ ಓಡುತ್ತಿದ್ದರು. ನನ್ನನ್ನು ಕಂಡು ನಿಂತು, ಏದುಸಿರು ಬಿಡುತ್ತಾ, “ಊಟ ಆಯ್ತಾ?” ಎಂದರು.

“ತಪ್ಪಾತು ಗಣಪಣ್ಣ,” ಎಂದೆ. “ನನ್ನ ಜೀವ ಉಳಿಸಿದ್ರಿ. ನಾ ನಿಮಗೆ ಕೈ ಮಾಡಿದೆ.”

ಮಗಳು ಮೈದಾನಕ್ಕೆ ಒಂದು ಸುತ್ತು ಬರುವವರೆಗೂ ಅವರು ಅವಳನ್ನೇ ನೋಡುತ್ತಿದ್ದರು.

“ಉಳಿಸ್ದೆ ಅಂತೆಲ್ಲ ಹೇಳ್ಬೇಡ ಮಾರಾಯ,” ಎಂದರು. “ಅವ್ನು ಅಲ್ಲಿ ಒರಗಿದ್ದು ನಂಗೂ ಕಾಣ್ತಿತ್ತಲ್ಲ. ಇಪ್ಪತ್ತು ವರ್ಷದ ಸರ್ವೀಸು, ಎಲ್ಲ ಗೊತ್ತು. ಆದ್ರೂ ಕಾಲು ಆ ಕಡೆಗೇ ಎಳೀತಿತ್ತು. ನಿನ್ನ ಬಿಟ್ಟಿದ್ರೆ ನಾನೂ ಇಳೀತಿದ್ದೆ. ಕೈಯಲ್ಲಿ ನೀನಿದ್ದೆ, ಅದ್ಕೆ ಉಳ್ಕಂಡೆ.”

ಇಬ್ಬರೂ ಅವರ ಮನೆಗೆ ನಡೆದು ಹೋಗಿ ಊಟ ಮಾಡಿದೆವು.

ಈಗಲೂ ನಾನು ಹಡಗಿನಲ್ಲೇ ಇದ್ದೇನೆ. ಬಂದರು ಸಿಕ್ಕಾಗಲೆಲ್ಲ ಗಣಪಣ್ಣನಿಗೆ ಫೋನ್ ಮಾಡುತ್ತೇನೆ. ನಮ್ಮ ಜೀವ ಉಳಿಸಿದವರ ಮೇಲೆಯೇ ನಮಗೆ ಅತಿ ಹೆಚ್ಚು ಸಿಟ್ಟು ಬರಬಹುದೆಂದು ಆ ಪ್ರಯಾಣದಲ್ಲಿ ತಿಳಿಯಿತು. ಬಿಜುವಿನ ಅಮ್ಮನ ನಂಬರ್ ಕೂಡ ನನ್ನ ಬಳಿ ಇದೆ. ಒಂದೆರಡು ಸಲ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ಅವನು ಇಳಿಯುವಾಗ ಪಕ್ಕದಲ್ಲಿ ಯಾರಿದ್ದರು ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಉತ್ತರ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.